ನಾಟಿಗೆ ಹೋಗಿ ಬಂದ ಕಾಲು

ನಾವಿರುವುದು ಚುಂಚನಕಟ್ಟೆಯಲ್ಲಿ. ಅತ್ತೆ ಪುಟ್ಟಮಾದಮ್ಮನಿಗೆ ಮರೆವಿನ ಕಾಯಿಲೆ. ದಿನಾ ಗದ್ದೆ ಕಡೆ ಹೊರಟುಬಿಡುತ್ತಿದ್ದರು, ಯಾರಾದರೂ ಕೈಹಿಡಿದು ಮನೆಗೆ ತಂದು ಬಿಡುತ್ತಿದ್ದರು. ಲಾಕ್‌ಡೌನ್‌ ಬಂದಾಗ ಅವರನ್ನು ಮುಟ್ಟಲು ಊರೇ ಹೆದರಿತು. ನಾನು ಕಿಟಕಿಯಿಲ್ಲದ ಕೋಣೆಗೆ ಸೇರಿಸಿ ಬೀಗ ಹಾಕಿದೆ.

“ನಾನೇನ್ ತಪ್ ಮಾಡ್ದೆ ಕಣವ್ವ, ಬಾಗ್ಲು ತಗಿ,” ಎಂದು ನಾಲ್ಕು ದಿನ ಬಾಗಿಲು ಬಡಿದರು. ಐದನೆಯ ದಿನ ಸದ್ದೇ ಇರಲಿಲ್ಲ.

ಮಧ್ಯಾಹ್ನ ಊಟ ಕೊಡಲು ಬೀಗ ತೆಗೆದೆ. ಅತ್ತೆಯ ಮೊಣಕಾಲವರೆಗೆ ಹಸಿ ಕೆಸರು. ಅದು ಏಪ್ರಿಲ್, ನಾಲೆ ಒಣಗಿ ಗದ್ದೆಗಳೆಲ್ಲ ಬಿರುಕು ಬಿಟ್ಟಿದ್ದವು.

“ಎಲ್ಲಿಗೋಗಿದ್ರಿ ಅತ್ತೆ?” ಎಂದೆ.

“ನಾಟಿಗೆ.”

“ಬಾಗ್ಲು ಯಾರು ತಗ್ದ್ರು?”

ಅತ್ತೆ ನನ್ನ ಹೆಗಲಾಚೆ ನೋಡಿ, “ಇವ್ಳಿಗೆ ಏಳ್ಬ್ಯಾಡ ಕಣವ್ವ, ಮತ್ತೆ ಬೀಗ ಆಕ್ತಾಳೆ,” ಎಂದು ಪಿಸುಗುಟ್ಟಿದರು.

ತಿರುಗಿ ನೋಡಿದೆ. ಯಾರೂ ಇರಲಿಲ್ಲ.

ನಾನು ಮತ್ತೆ ಬೀಗ ಹಾಕಿದೆ. ಅತ್ತೆ ಸಾಯುವವರೆಗೂ ದಿನಾ ಆ ಕೆಸರು ತೊಳೆದೆ.