ಬಿಳಿ ಕಲ್ಲು, ಹದಿನಾಲ್ಕು

ದೂರು ಠಾಣೆಗೆ ಬಂದಾಗ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ತಂದವನು ಔಷಧ ಕಂಪನಿಯೊಂದರ ಮಾರಾಟದ ಮ್ಯಾನೇಜರ್, ಐವತ್ತರ ಆಸುಪಾಸು, ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಹಿಂದೆಯೇ ಅವನ ತಂಗಿ. ತಾಯಿಯ ವಜ್ರದ ಓಲೆ ಬೀರುವಿನಿಂದ ಕಳವಾಗಿದೆ ಎನ್ನುವುದು ದೂರು. ಆ ಮನೆಯಲ್ಲಿರುವವರು ತಾಯಿ ಮತ್ತು ಮದುವೆಯಾಗದ ಈ ಮಗಳು, ಇಬ್ಬರೇ. ಮಗನ ಸಂಸಾರ ಊರಿನ ಇನ್ನೊಂದು ತುದಿಯಲ್ಲಿ. ಆ ದಿನ ಬೆಳಿಗ್ಗೆ ಬಂದು ಬೀರು ತೆಗೆದವನೂ ಅವನೇ, ತಂಗಿಯನ್ನು ಕರೆದುಕೊಂಡು ನೇರ ಠಾಣೆಗೆ ಬಂದವನೂ ಅವನೇ.

ಇನ್‌ಸ್ಪೆಕ್ಟರ್ ಕೇಳಿಸಿಕೊಂಡ. ಮೂವತ್ತೊಂದು ವರ್ಷದ ಸರ್ವಿಸ್ ಆದಮೇಲೆ ಅವನ ಕಿವಿ ಮಾತ್ರ ಕೆಲಸ ಮಾಡುತ್ತಿತ್ತು, ಅದರಿಂದಾಚೆಗೆ ಏನೂ ಕದಲುತ್ತಿರಲಿಲ್ಲ. ಯಾರದೋ ಮನೆ ದೋಚಿದ್ದು, ಯಾರದೋ ತಲೆ ಒಡೆದದ್ದು, ಎಲ್ಲವೂ ಅವನಿಗೆ ಒಂದೇ ತೂಕದ ಕಾಗದ. ಪೇದೆಗಳು ಬೆನ್ನ ಹಿಂದೆ ಅವನನ್ನು ‘ಕಲ್ಲು’ ಎನ್ನುತ್ತಿದ್ದರು. ಅವನಿಗದು ಗೊತ್ತಿತ್ತು, ಬೇಸರವೇನೂ ಇರಲಿಲ್ಲ.

ಠಾಣೆಯ ಬರವಣಿಗೆ ನೋಡಿಕೊಳ್ಳುವ ಹೆಡ್ ಕಾನ್‌ಸ್ಟೇಬಲ್‌ಗೆ ಎಲ್ಲರೂ ರೈಟರ್ ಎನ್ನುತ್ತಿದ್ದರು. ಅವನು ಅಭ್ಯಾಸಬಲದಿಂದ ಬರೆದುಕೊಂಡ: ‘ಹಳದಿ ಲೋಹದ ಓಲೆ ಒಂದು ಜೊತೆ, ತಲಾ ಏಳರಂತೆ ಬಿಳಿ ಬಣ್ಣದ ಕಲ್ಲು ಹದಿನಾಲ್ಕು.’ ಅದನ್ನು ಓದಿ ಹೇಳಿದಾಗ ಮಗನ ಮುಖ ಕೆಂಪಾಯಿತು.

“ಹಳದಿ ಲೋಹ ಅಲ್ರೀ, ಚಿನ್ನ. ಬಿಳಿ ಕಲ್ಲಲ್ಲ, ವಜ್ರ.”

ಪೊಲೀಸರು ಅಕ್ಕಸಾಲಿಗರಲ್ಲ ಎಂದು ರೈಟರ್ ತನ್ನ ಹಳೇ ಪಾಠ ಒಪ್ಪಿಸಿದ. ವಜ್ರವೆಂದು ಬರೆದುಕೊಂಡು ನಾಳೆ ಇನ್ನೇನೋ ಸಿಕ್ಕರೆ, ಠಾಣೆಯವರೇ ಬದಲಾಯಿಸಿದರೆಂದು ಗೂಬೆ ಕೂರಿಸುತ್ತಾರೆ. ಅಲ್ಲಿಯವರೆಗೆ ತುಟಿ ಎರಡು ಮಾಡದಿದ್ದ ತಂಗಿ ಆಗ ಮೊದಲ ಸಲ ಮಾತಾಡಿದಳು.

“ಇರ್ಲಿ ಬಿಡಣ್ಣ. ಬಿಳಿ ಕಲ್ಲು ಅಂತಾನೇ ಇರ್ಲಿ.”

ಇನ್‌ಸ್ಪೆಕ್ಟರ್ ತಲೆಯೆತ್ತಿದ. ಒಡವೆ ಕಳಕೊಂಡವರು ಈ ಮಾತಿಗೆ ಜಗಳವಾಡುತ್ತಾರೆ, ಅಳುತ್ತಾರೆ, ಮೇಲಿನವರಿಗೆ ಫೋನು ಮಾಡಿಸುತ್ತಾರೆ. ಸುಮ್ಮನೆ ಒಪ್ಪಿಕೊಂಡವರನ್ನು ಅವನು ಇದುವರೆಗೆ ಕಂಡಿರಲಿಲ್ಲ.

ಹತ್ತು ಐವತ್ತೈದಕ್ಕೆ ಎಫ್‌ಐಆರ್ ಆಯಿತು. ಹನ್ನೊಂದೂವರೆಗೆ ಮನೆಯಲ್ಲಿ ಸ್ಥಳ ಪಂಚನಾಮೆ. ಬೀರುವಿನ ಬೀಗ ಸರಿಯಾಗಿತ್ತು. ಕಿಟಕಿಯ ಸರಳು ಸರಿಯಾಗಿದ್ದವು. ಬೀಗದ ಕೈ ಅದರ ಜಾಗದಲ್ಲೇ, ಹೊಲಿಗೆ ಯಂತ್ರದ ಡ್ರಾಯರಿನಲ್ಲಿ, ನೂಲಿನ ಉಂಡೆಗಳ ಕೆಳಗಿತ್ತು. ಎಪ್ಪತ್ತೆಂಟು ವರ್ಷದ ತಾಯಿ ಕಿಟಕಿಯ ಪಕ್ಕ ಕೂತಿದ್ದರು.

“ಕೊನೇ ಸಲ ಯಾವಾಗ ನೋಡಿದ್ರಿ?”

“ಭಾನುವಾರ. ಒರೆಸಿ ಇಟ್ಟೆ.”

“ಕೀಲಿ ಎಲ್ಲಿರುತ್ತೆ ಅಂತ ಯಾರಿಗೆ ಗೊತ್ತು?”

“ಮನೇಲಿರೋರಿಗೆ,” ಎಂದು ಅವರು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು.

ಜೊತೆಗೆ ಬಂದಿದ್ದ ಮಹಿಳಾ ಪೇದೆಗೆ ಮಗನ ಮೇಲೆ ಅನುಮಾನ. ಅವನ ಫೈಲಿನಲ್ಲಿ ಓಲೆಗೆ ವಿಮೆ ಮಾಡಿಸುವ ಅರ್ಜಿಯಿತ್ತು. ಕಾರಿಗೆ, ಮನೆಗೆ, ಫೋನಿಗೆ, ಕೊನೆಗೆ ನಾಯಿಗೂ ವಿಮೆ ಮಾಡಿಸಿದ ಆಸಾಮಿ. ನೆಗಡಿಗೆ ಸಿಗುವುದಾದರೆ ಅದಕ್ಕೂ ಮಾಡಿಸುತ್ತಿದ್ದ. ವಿಮೆಯ ಆಸೆಗೆ ಅವನೇ ನಾಟಕ ಹೂಡಿರಬೇಕು ಎಂದಳು ಪೇದೆ. ಮಧ್ಯಾಹ್ನ ಎರಡೂವರೆಗೆ ಇನ್‌ಸ್ಪೆಕ್ಟರ್ ವಿಮಾ ಕಚೇರಿಗೆ ಫೋನು ಮಾಡಿದ. ಪಾಲಿಸಿ ಇನ್ನೂ ಶುರುವೇ ಆಗಿರಲಿಲ್ಲ. ಆ ದಿನ ಸಂಜೆ ನಾಲ್ಕಕ್ಕೆ ಮೌಲ್ಯಮಾಪಕ ಮನೆಗೆ ಬಂದು, ಓಲೆ ತೂಗಿ, ಒಂದೊಂದು ಕಲ್ಲನ್ನೂ ಭೂತಗನ್ನಡಿಯಲ್ಲಿ ನೋಡಿ, ಫೋಟೋ ತೆಗೆದು ವರದಿ ಕೊಟ್ಟ ಮೇಲೆ ಮುಂದಿನ ಮಾತು. ಈಗ ಕಳೆದುಹೋದರೆ ಯಾರಿಗೂ ಬಿಡಿಗಾಸಿಲ್ಲ.

ಫೋನಿಟ್ಟು ಇನ್‌ಸ್ಪೆಕ್ಟರ್ ಲೆಕ್ಕ ಹಾಕಿದ. ಯಾರಿಗೂ ಲಾಭವಿಲ್ಲದ ಕಳವು, ಅದೂ ಭೂತಗನ್ನಡಿ ಮನೆಗೆ ಬರುವ ದಿನ. ಕದ್ದವರಿಗೆ ಓಲೆ ಬೇಕಿರಲಿಲ್ಲ, ಅದನ್ನು ಯಾರೂ ಹತ್ತಿರದಿಂದ ನೋಡಬಾರದಿತ್ತು.

ಬುಧವಾರ ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ಅವನು ಮಹಿಳಾ ಪೇದೆಯೊಂದಿಗೆ ತಂಗಿಯ ಕನ್ನಡಕದ ಅಂಗಡಿಗೆ ಹೋದ. ಅಪ್ಪ ನಡೆಸುತ್ತಿದ್ದ ಅಂಗಡಿ, ಅವರು ತೀರಿಕೊಂಡ ಮೇಲೆ ಅವಳದು. ಮುಂದೆ ಗೋಡೆ ತುಂಬ ಖಾಲಿ ಫ್ರೇಮುಗಳು, ಹಿಂದೆ ಗಾಜು ಉಜ್ಜುವ ಚಕ್ರ, ಅದರ ಮೇಲೆ ತೊಟ್ಟಿಕ್ಕುವ ನೀರಿನ ಡಬ್ಬ. ಅವಳು ಯಾರದೋ ಗಾಜಿನ ಅಂಚು ಉಜ್ಜುತ್ತಿದ್ದಳು.

“ಓಲೆ ಎಲ್ಲಿ?”

ಅವಳು ಚಕ್ರ ನಿಲ್ಲಿಸಿ ಕೈ ಒರೆಸಿಕೊಂಡಳು. ಎಲ್ಲಕ್ಕಿಂತ ಕೆಳಗಿನ ಡ್ರಾಯರಿನಿಂದ ಹಳೇ ಕನ್ನಡಕದ ಡಬ್ಬಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟಳು.

“ಎಸೆದುಬಿಟ್ಟಿದ್ರೆ ನಮ್ಮ ಕೈಗೆ ಸಿಕ್ತಿರ್ಲಿಲ್ಲ.”

“ಹೇಗೆ ಎಸೀಲಿ ಸಾರ್? ಅಪ್ಪ ಈ ಚಕ್ರದ ಮೇಲೇ ಉಜ್ಜಿದ್ದು.”

ಮಿಕ್ಕದ್ದನ್ನು ಅವಳು ಅಂಗಡಿಯ ಲೆನ್ಸಿನ ನಂಬರು ಹೇಳುವ ದನಿಯಲ್ಲೇ ಹೇಳಿದಳು. ಮದುವೆಯಾಗಿ ಹದಿನೈದು ವರ್ಷ ತುಂಬಿದಾಗ ಅಪ್ಪ ಅಮ್ಮನಿಗೆ ವಜ್ರವೆಂದು ಹೇಳಿ ಕೊಟ್ಟ ಓಲೆ ಅದು. ಚಿನ್ನ ನಿಜ, ಕಲ್ಲು ಮಾತ್ರ ಕನ್ನಡಕದ ಗಾಜಿನ ಚೂರು. ಸಾಯುವುದಕ್ಕೆ ಎರಡು ದಿನ ಮುಂಚೆ ಮಗಳನ್ನು ಹತ್ತಿರ ಕರೆದು ಹೇಳಿ, ನಿನ್ನಮ್ಮನಿಗೆ ಗೊತ್ತಾಗಬಾರದು ಎಂದು ಕೈ ಹಿಡಿದುಕೊಂಡಿದ್ದರು. ಹನ್ನೆರಡು ವರ್ಷ ಆ ಗುಟ್ಟು ಕಾಯ್ದದ್ದಾಯಿತು. ವಿಮೆ ಬೇಡವೆಂದು ಅಣ್ಣನಿಗೆ ಪರಿಪರಿಯಾಗಿ ಹೇಳಿದಳು, ಅವನು ಅರ್ಜಿ ತುಂಬಿಸಿಕೊಂಡೇ ಬಂದ.

“ಅಣ್ಣನಿಗೆ ನಾನು ಕಳ್ಳಿ ಅಂತಾನೇ ಹೇಳಿ. ಅಮ್ಮನಿಗೂ ಅಷ್ಟೇ ಗೊತ್ತಿರ್ಲಿ.”

ಪಕ್ಕದ ಅಂಗಡಿಯ ದರ್ಜಿ ಮತ್ತು ಬೀಗ ರಿಪೇರಿಯವನನ್ನು ಪಂಚರನ್ನಾಗಿ ಕರೆದು ಹನ್ನೆರಡು ಐವತ್ತಕ್ಕೆ ಜಪ್ತಿ ಪಂಚನಾಮೆ ಮಾಡಿದರು. ‘ಬಿಳಿ ಬಣ್ಣದ ಕಲ್ಲು, ಹದಿನಾಲ್ಕು.’ ಈ ಸಲ ಆ ಮಾತು ಸುಳ್ಳೂ ಆಗಿರಲಿಲ್ಲ, ಗುಟ್ಟನ್ನು ಬಿಟ್ಟುಕೊಟ್ಟೂ ಇರಲಿಲ್ಲ.

ಸಂಜೆ ನಾಲ್ಕೂ ಕಾಲಿಗೆ ಮಾಲು ಗುರುತಿಸಲು ಮಗ ತಾಯಿಯನ್ನು ಠಾಣೆಗೆ ಕರೆತಂದ. ಅವನು ಒಳಗೊಳಗೇ ಕುದಿಯುತ್ತಿದ್ದ. ತಂಗಿಯ ಮುಖ ನೋಡುವುದಿಲ್ಲ, ಕೇಸು ಹಿಂದೆ ತೆಗೆದುಕೊಳ್ಳುವ ಮಾತೇ ಇಲ್ಲ ಎಂದ. ಎಫ್‌ಐಆರ್ ಆದಮೇಲೆ ಅದು ಅವನ ಕೈಯಲ್ಲೂ ಇರಲಿಲ್ಲ. ತಾಯಿ ಅವನನ್ನು ಕುಡಿಯುವ ನೀರು ತರಲು ಹೊರಗೆ ಕಳಿಸಿದರು.

ಇನ್‌ಸ್ಪೆಕ್ಟರ್ ಡಬ್ಬಿ ತೆರೆದಿಟ್ಟ. ತಾಯಿ ಓಲೆಯನ್ನು ಬೆಳಕಿಗೆ ಹಿಡಿಯಲಿಲ್ಲ, ತೂಗಿ ನೋಡಲಿಲ್ಲ. ಒಂದನ್ನು ಬಾಯಿಯ ಹತ್ತಿರ ತಂದು ಅದರ ಮೇಲೆ ಮೆಲ್ಲಗೆ ಉಸಿರು ಬಿಟ್ಟರು. ಕಲ್ಲುಗಳು ಮಂಜಾದವು. ಅವರು ಕಾದರು, ಇನ್‌ಸ್ಪೆಕ್ಟರನೂ ಕಾದ. ಮಂಜು ಹಾಗೇ ಇತ್ತು.

“ನನ್ನವೇ,” ಎಂದರು. “ವಜ್ರ ಆಗಿದ್ರೆ ಮಂಜು ಇಷ್ಟು ಹೊತ್ತು ನಿಲ್ತಿರ್ಲಿಲ್ಲ.”

“ನಿಮಗೆ ಗೊತ್ತಿತ್ತಾ?”

“ಕನ್ನಡಕದವರ ಹೆಂಡತಿ ನಾನು. ಕೊಟ್ಟ ದಿನಾನೇ ಗೊತ್ತಾಯ್ತು. ಅವರ ಬೆರಳೆಲ್ಲ ತರಚಿತ್ತು.” ಸೆರಗಿನಿಂದ ಓಲೆ ಒರೆಸಿ ಡಬ್ಬಿಯಲ್ಲಿಟ್ಟರು. “ಯಾಕೆ ತೊಗೊಂಡೆ ಅಂತ ಅವಳು ಹೇಳಿದ್ಲಾ?”

“ಇಲ್ಲ.”

“ಹೇಳಲ್ಲ. ಅಪ್ಪನ ಮಗಳು.” ಬಾಗಿಲ ಕಡೆ ನೋಡಿ ದನಿ ಇಳಿಸಿದರು. “ನನಗೆ ಗೊತ್ತಿತ್ತು ಅಂತ ಅವಳಿಗೆ ಹೇಳ್ಬೇಡಿ. ಇಷ್ಟು ವರ್ಷ ಕಾಪಾಡಿದ್ದೆಲ್ಲ ನೀರಲ್ಲಿ ಹೋಮ ಮಾಡಿದ ಹಾಗಾಗುತ್ತೆ.”

ಇನ್‌ಸ್ಪೆಕ್ಟರ್ ಆಗಲಿ ಎಂದ. ಎದೆಯಲ್ಲಿ ಏನೂ ಆಗಲಿಲ್ಲ; ಆಗಬೇಕಿತ್ತು ಎಂದು ಮಾತ್ರ ಅನ್ನಿಸಿತು.

ಐದು ನಲವತ್ತಕ್ಕೆ, ಕತ್ತಲಾಗುವ ಮೊದಲೇ, ಮಹಿಳಾ ಪೇದೆಯ ಸಮ್ಮುಖದಲ್ಲಿ ತಂಗಿಯ ದಸ್ತಗಿರಿ ಆಯಿತು. ದಸ್ತಗಿರಿ ಪತ್ರಕ್ಕೆ ಸಹಿ ಹಾಕಿದ ಮೇಲೆ ಅವಳು ಒಂದೇ ಒಂದು ಮಾತು ಕೇಳಿದಳು.

“ಅಮ್ಮ ಏನಂದ್ರು ಸಾರ್?”

“ನನ್ನವೇ ಅಂದ್ರು.”

“ಅಷ್ಟೇನಾ?”

“ಅಷ್ಟೇ.”

ಅವಳು ಕಣ್ಣು ಮುಚ್ಚಿ ಗೋಡೆಗೆ ಒರಗಿ ಕೂತಳು. ಎರಡು ದಿನದಿಂದ ಬಿಗಿದುಕೊಂಡಿದ್ದ ಭುಜ ಇಳಿಯಿತು. ಜೈಲಿಗೆ ಹೋಗಲಿರುವವರು ಅಷ್ಟು ನೆಮ್ಮದಿಯಾಗಿ ಕೂತದ್ದನ್ನೂ ಇನ್‌ಸ್ಪೆಕ್ಟರ್ ಇದುವರೆಗೆ ಕಂಡಿರಲಿಲ್ಲ. ಅವನು ಅಲ್ಲಿ ಬೇಕಿದ್ದಕ್ಕಿಂತ ಹೆಚ್ಚು ಹೊತ್ತು ನಿಂತಿದ್ದ.

ಹೊರಗೆ ರೈಟರ್ ಪೆನ್ನು ಹಿಡಿದು ಕಾಯುತ್ತಿದ್ದ. ಕಲ್ಲುಗಳನ್ನು ಅಕ್ಕಸಾಲಿಗನಿಗೆ ಯಾವಾಗ ತೋರಿಸುವುದೆಂದು ಕೇಳಿದ. ನಾಳೆ ನೋಡೋಣ ಎಂದ ಇನ್‌ಸ್ಪೆಕ್ಟರ್.

“ಉದ್ದೇಶ ಏನಂತ ಬರೀಲಿ ಸಾರ್? ದುರಾಸೆ ಅನ್ನಲಾ?”

“ಬೇಡ. ಆರೋಪಿಗೆ ಓಲೆಯ ವಿಮೆ ಮಾಡಿಸೋದು ಇಷ್ಟ ಇರಲಿಲ್ಲ ಅಂತ ಬರಿ.”

ರೈಟರ್ ಒಂದು ಸಲ ಅವನ ಮುಖ ನೋಡಿದ, ಆಮೇಲೆ ಹೇಳಿದಷ್ಟನ್ನೇ ಬರೆದುಕೊಂಡ.