ಕೋವಿ ಹೂವಿನ ಗೆಡ್ಡೆ

ಮಡಕೆಯ ತಳದಲ್ಲಿ ಸಿಕ್ಕಿದ್ದು ಗೆಣಸಲ್ಲ.

ಸಬ್ ಇನ್ಸ್‌ಪೆಕ್ಟರ್ ಮಾಯಿಲಪ್ಪ ಅದನ್ನು ಬಾಳೆಲೆಯ ಮೇಲಿಟ್ಟರು. ಬೆರಳುದ್ದದ ತುಂಡು. ನೇಗಿಲಿನಂತೆ ಬಾಗಿತ್ತು. ಕೋವಿ ಹೂವಿನ ಬಳ್ಳಿಯ ಗೆಡ್ಡೆ. ಬೆಂಕಿಯ ನಾಲಿಗೆಯಂಥ ಆ ಹೂವನ್ನು ಕೈಲ್ ಮುಹೂರ್ತ ಎಂಬ ಆಯುಧಪೂಜೆಯ ಹಬ್ಬದ ದಿನ ಕೋವಿಗಳಿಗೆ ಮುಡಿಸುತ್ತಾರೆ. ಗೆಡ್ಡೆ ಮಾತ್ರ ವಿಷ ಎಂಬುದು ಕೊಡಗಿನ ಸಿದ್ದಾಪುರದ ಸುತ್ತ ಮಕ್ಕಳಿಗೂ ಗೊತ್ತು.

ಹಬ್ಬ ನಿನ್ನೆ ಮುಗಿದಿತ್ತು. ಇಂದು ಬೆಳಗಾಗುವಾಗ ಎಸ್ಟೇಟಿನ ಯಜಮಾನ ಬೆಳ್ಯಪ್ಪನವರು ವಾಂತಿ ಭೇದಿಯಿಂದ ಬಸವಳಿದು ತೀರಿಹೋಗಿದ್ದರು.

"ಗೆಣಸು ಬೇಯಿಸಿ ತಂದವಳು ಇವಳೇ ತಾನೆ?"

ಎಸ್ಟೇಟ್ ಆಸ್ಪತ್ರೆಯ ಡಾಕ್ಟರ್ ಪರಮೇಶಪ್ಪ ತಲೆಯಾಡಿಸಿದರು. ಗೋಡೆಗೊರಗಿ ನಿಂತ ತೋಟದಾಳು ಕೆಂಚಿ ಎದೆಗೆ ಕಚ್ಚಿಕೊಂಡಿದ್ದ ಮಗುವನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡಳು.

ಬೆಳ್ಯಪ್ಪನವರಿಗೆ ಗೌಟ್ ಇತ್ತು. ಕಾಲಿನ ಹೆಬ್ಬೆರಳ ಕೀಲು ಕೆಂಪಗೆ ಊದಿ, ಹೊದಿಕೆ ತಾಗಿದರೂ ಜೀವ ಹೋಗುವ ನೋವು. ಹಂದಿ ಮಾಂಸ, ಸಾರಾಯಿ ಎರಡನ್ನೂ ಡಾಕ್ಟರು ಬಿಡಿಸಿದ್ದರು. ಹಾಗಾಗಿ ಹಬ್ಬದೂಟದಲ್ಲಿ ಗೆಣಸು ತಿಂದವರು ಅವರೊಬ್ಬರೇ. ಕಳೆದ ತಿಂಗಳು ಅವರು ಕೆಂಚಿಯ ಗಂಡನಿಗೆ ಕೂಲಿ ಲೈನಿನ ಜನರೆಲ್ಲರ ಎದುರು ಹೊಡೆದಿದ್ದರು. ಮಾಯಿಲಪ್ಪನವರಿಗೆ ಅಷ್ಟು ಸಾಕಾಗಿತ್ತು. ಮೂರು ಗಂಟೆಯ ವಿರಾಜಪೇಟೆ ಬಸ್ಸಿಗೆ ಕೆಂಚಿಯನ್ನು ಹತ್ತಿಸಿ ಲಾಕಪ್ಪಿಗೆ ಒಯ್ಯುವುದೆಂದು ತೀರ್ಮಾನವಾಯಿತು.

ನರ್ಸ್ ವಿಶಾಲಾಕ್ಷಮ್ಮ ಬಗ್ಗಿ ಆ ತುಂಡಿಗೆ ಉಗುರು ಒತ್ತಿದಳು. ಇಳಿಯಲಿಲ್ಲ. ಅದೇ ಮಡಕೆಯ ಗೆಣಸು ಮುಟ್ಟಿದರೆ ಪುಡಿಯಾಗುತ್ತಿತ್ತು.

ಗೆಡ್ಡೆ ಬೆಂದಿರಲಿಲ್ಲ. ಗೆಣಸು ಬೆಂದ ಮೇಲೆ ಯಾರೋ ಅದನ್ನು ಒಳಗೆ ಹಾಕಿದ್ದರು.

ಹೇಳಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು. ಬೇಯದ ತುಂಡಿನ ವಿಷ ಗೆಣಸಿಗೆ ಇಳಿಯದು. ವಿಷ ಮಡಕೆಯಿಂದ ಬಂದಿಲ್ಲವಾದರೆ ಬೇರೆಲ್ಲಿಂದ ಬಂತು? ನಿನ್ನೆ ಬೆಳಿಗ್ಗೆ ಆರಕ್ಕೆ ಬೆಳ್ಯಪ್ಪನವರಿಗೆ ಔಷಧಿಯ ಹನಿ ಹಾಕಿ ಕುಡಿಸಿದವಳು ಅವಳೇ. ಆ ಔಷಧಿಯೂ ಇದೇ ಗೆಡ್ಡೆಯದು.

*

ಮದರಾಸಿನಿಂದ ಬರುವ, ಗೌಟಿಗೆ ಕೊಡುವ ಕಾಲ್ಚಿಸಿನ್ ಮಾತ್ರೆ ಆರು ತಿಂಗಳಿಗೊಮ್ಮೆ ಸಿಕ್ಕರೆ ಪುಣ್ಯ. ಅದೇ ಸತ್ವ ಬೇಲಿಯ ಕೋವಿ ಹೂವಿನ ಬಳ್ಳಿಯಲ್ಲೂ ಇದೆ, ಹದವರಿತು ಕೊಟ್ಟರೆ ಊತ ಇಳಿಯುತ್ತದೆ ಎಂದು ಡಾಕ್ಟರು ಎರಡು ವರ್ಷದಿಂದ ಸಂಶೋಧನೆ ನಡೆಸಿದ್ದರು. ದಿನಾ ಟೇಪು ಹಿಡಿದು ಬೆಳ್ಯಪ್ಪನವರ ಹೆಬ್ಬೆರಳು ಅಳೆದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಬರುವ ಶುಕ್ರವಾರ ಮದರಾಸಿನ ದೊಡ್ಡ ಡಾಕ್ಟರೊಬ್ಬರು ಫಲಿತಾಂಶ ನೋಡಲು ಬರುವವರಿದ್ದರು.

ವಿಶಾಲಾಕ್ಷಮ್ಮನಿಗೆ ಆ ಕೆಲಸದ ಮೇಲೆ ಅಭಿಮಾನವಿತ್ತು. ಗಂಡ ಸತ್ತ ಮೇಲೆ ಹಾಸನದಿಂದ ಇಲ್ಲಿಗೆ ಬಂದವಳಿಗೆ, ತನ್ನ ಕೈಯೂ ಯಾವುದೋ ದೊಡ್ಡದರಲ್ಲಿ ಸೇರಿದೆ ಎನ್ನಿಸಿದ್ದು ಅದೊಂದರಲ್ಲೇ.

ಒಳಕೋಣೆಯಲ್ಲಿ ಬೆಳ್ಯಪ್ಪನವರ ಹೆಂಡತಿ ಕಾಮಾಕ್ಷಮ್ಮ ಚಾಪೆಯ ಮೇಲೆ ಕೂತಿದ್ದರು. ಪೊಲೀಸರು ಅವರನ್ನು ಏನೂ ಕೇಳಿರಲಿಲ್ಲ. ವಿಶಾಲಾಕ್ಷಮ್ಮ ಪಕ್ಕದಲ್ಲಿ ಹೋಗಿ ಕೂತಳು.

"ಅಕ್ಕಾ, ಹೊಟ್ಟೆನೋವು ಯಾವಾಗ ಶುರುವಾಯ್ತು?"

ಕಾಮಾಕ್ಷಮ್ಮ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಊಟಕ್ಕೆ ಮೊದ್ಲೇ. ಹನ್ನೊಂದಕ್ಕೆ ಕೋವಿಗೆ ಹೂ ಮುಡಿಸೋವಾಗ ಎರಡು ಸಲ ಹಿತ್ತಿಲಿಗೆ ಹೋಗಿ ಕಕ್ಕಿ ಬಂದ್ರು. ನೆಂಟರ ಎದುರು ಮರ್ಯಾದೆ ಹೋಗ್ತದೆ, ಯಾರಿಗೂ ಹೇಳ್ಬೇಡ ಅಂದ್ರು." ಸೆರಗಿನಿಂದ ಮುಖ ಒರೆಸಿಕೊಂಡರು. "ನಾನು ಹೇಳ್ಲಿಲ್ಲ. ಈ ಮನೆಗೆ ಬಂದು ಮೂವತ್ತು ವರ್ಷ ಆಯ್ತು, ಇವತ್ತಿನವರೆಗೂ ಹೇಳ್ಬೇಡ ಅಂದಿದ್ದನ್ನ ಹೇಳಿದವಳಲ್ಲ."

ಗೆಣಸು ತಿಂದದ್ದು ಒಂದು ಗಂಟೆಗೆ. ವಾಂತಿ ಶುರುವಾದದ್ದು ಹನ್ನೊಂದಕ್ಕೆ. ಹನಿ ಕುಡಿದದ್ದು ಆರಕ್ಕೆ.

ವಿಶಾಲಾಕ್ಷಮ್ಮ ತನ್ನ ಬಲಗೈ ನೋಡಿಕೊಂಡಳು.

*

ಕೆಂಚಿಯನ್ನು ಕಾಫಿ ಕಣದ ಮೂಲೆಯಲ್ಲಿ ಕೂರಿಸಿದ್ದರು. ಡಾಕ್ಟರ ಔಷಧಿಗೆ ಗೆಡ್ಡೆ ತಂದುಕೊಡುತ್ತಿದ್ದವಳು ಅವಳೇ.

"ಡಾಕ್ಟ್ರಿಗೆ ಈ ಸಲ ಗೆಡ್ಡೆ ಯಾವತ್ತು ಕೊಟ್ಟೆ?"

"ಎಲ್ಲಿ ಕೊಟ್ಟೆ ನರ್ಸಮ್ಮಾ? ಹೋದ ವರ್ಷದ್ದು ಒಣಗಿಸಿ ಕೊಟ್ಟಿದ್ದೇ ಕೊನೆ. ಹೊಸದು ಬೇಕು, ಬೇಗ ಬೇಕು ಅಂದ್ರು. ಹಬ್ಬ ಕಳೀಲಿ ಸ್ವಾಮಿ, ಕೋವಿಗೆ ಹೂ ಮುಡಿಸೋ ಮೊದ್ಲು ನಾವು ಬುಡ ಕೀಳಲ್ಲ ಅಂದೆ. ಬೈದ್ರು." ಮಗು ಮುದ್ದಿಯ ತಲೆ ಸವರಿದಳು. "ಜೈಲಲ್ಲಿ ಮುದ್ದೀನ ನನ್ ಹತ್ರ ಬಿಡ್ತಾರಾ?"

ವಿಶಾಲಾಕ್ಷಮ್ಮ ಕೈಗಡಿಯಾರ ನೋಡಿಕೊಂಡಳು. ಆಗಲೇ ಎರಡು ಗಂಟೆ.

ಆಸ್ಪತ್ರೆಯ ಹಿಂದಿನ ಬೇಲಿಗೆ ಓಡಿದಳು. ಬಳ್ಳಿ ಅಲ್ಲಿ ನೆಲಕ್ಕೆ ಬಿದ್ದಿತ್ತು. ಬುಡ ಅಗೆದ ಗುಂಡಿ ಹಸಿಯಾಗಿತ್ತು. ಬಳ್ಳಿಯ ತುಂಬ ಹೂಗಳು ಕೀಳದೆ ಹಾಗೇ ಬಾಡಿದ್ದವು.

ಅವಳು ಆಸ್ಪತ್ರೆಯ ಒಳಗೆ ಹೋಗಿ ಡಾಕ್ಟರ ನೋಟ್‌ಬುಕ್ ತೆಗೆದುಕೊಂಡಳು.

*

ಬಸ್ಸಿಗೆ ಹತ್ತು ನಿಮಿಷ ಇತ್ತು.

"ಇನ್ಸ್‌ಪೆಕ್ಟ್ರೇ, ಆಸ್ಪತ್ರೆ ಬೇಲಿಯ ಬಳ್ಳಿಯನ್ನ ಹಬ್ಬಕ್ಕೆ ಮೊದ್ಲು ಹೂವಿನ ಸಮೇತ ಕಿತ್ತಿದ್ದಾರೆ," ಎಂದಳು ವಿಶಾಲಾಕ್ಷಮ್ಮ. "ನೀವು ಈ ಕಡೆಯವರು. ನೀವಾದ್ರೆ ಕೀಳ್ತಿದ್ರಾ?"

ಮಾಯಿಲಪ್ಪ ಹುಬ್ಬು ಗಂಟಿಕ್ಕಿದರು. ಹಬ್ಬದ ಮುನ್ನಾದಿನ ಅವರ ಮನೆಯವರೇ ಹೂವಿಗಾಗಿ ದುಬಾರೆಯತನಕ ಅಲೆದಿದ್ದರು. "ಹೂ ಬಿಟ್ಟು ಗೆಡ್ಡೆ ಒಯ್ಯೋದಾ? ಈ ಕಡೆಯವರು ಯಾರೂ ಹಾಗೆ ಮಾಡಲ್ಲ."

"ಕೆಂಚಿಯಂತೂ ಮಾಡಲ್ಲ."

ಬಯಲುಸೀಮೆಯಿಂದ ಬಂದ ಡಾಕ್ಟರು ಕನ್ನಡಕ ತೆಗೆದು ಒರೆಸತೊಡಗಿದರು.

ಅವಳು ಒಂದೊಂದಾಗಿ ಹೇಳಿದಳು. ಬೇಯದ ತುಂಡು. ಊಟಕ್ಕೂ ಮೊದಲಿನ ವಾಂತಿ. ಒಣಗೆಡ್ಡೆ ಮುಗಿದಿತ್ತು, ಶುಕ್ರವಾರದೊಳಗೆ ಊತ ಇಳಿಯಲೇಬೇಕಿತ್ತು. ಹಸಿಗೆಡ್ಡೆಯ ಸತ್ವ ಎಷ್ಟೆಂದು ಪರೀಕ್ಷಿಸದೆ ಡಾಕ್ಟರು ಹೊಸ ಔಷಧಿ ಮಾಡಿ ಹಳೆಯ ಸೀಸೆಗೇ ತುಂಬಿದರು. ಹನಿ ಅಷ್ಟೇ, ಬಲ ಬೇರೆ. ನಿನ್ನೆ ಸಂಜೆ ಯಜಮಾನರನ್ನು ನೋಡಲು ಕರೆಸಿದಾಗ ಡಾಕ್ಟರಿಗೆ ಎಲ್ಲ ಅರ್ಥವಾಗಿತ್ತು. ಆಗ ಗೆಣಸಿನ ಮಡಕೆಯಿದ್ದ ಅಡಿಗೆಮನೆಗೆ ಹೋಗಿ ಕೈ ತೊಳೆದು ಬಂದವರು ಅವರೊಬ್ಬರೇ.

"ಬರೀ ಊಹೆ," ಎಂದರು ಡಾಕ್ಟರು.

ವಿಶಾಲಾಕ್ಷಮ್ಮ ನೋಟ್‌ಬುಕ್ ಬಿಚ್ಚಿದಳು. ಹಬ್ಬದ ಮುನ್ನಾದಿನದ ಪುಟದಲ್ಲಿ ಡಾಕ್ಟರದೇ ಅಕ್ಷರ: ಹಸಿ ಗೆಡ್ಡೆ, ಹೊಸ ತಯಾರಿಕೆ. ಕೊನೆಯ ಸಾಲು ಇಂದಿನದು. ಬೆಳಿಗ್ಗೆ ಏಳು ಗಂಟೆ. ಹೆಬ್ಬೆರಳ ಸುತ್ತಳತೆ ಕಾಲು ಇಂಚು ಕಡಿಮೆ.

ಬೆಳ್ಯಪ್ಪನವರು ತೀರಿಕೊಂಡದ್ದು ಇಂದು ಆರಕ್ಕೇ.

"ಊತ ಇಳಿದಿತ್ತು," ಎಂದರು ಪರಮೇಶಪ್ಪ ಮೆಲ್ಲಗೆ. "ನೀವೂ ನೋಡಿದ್ರಲ್ಲ ಸಿಸ್ಟರ್. ಔಷಧಿ ತಪ್ಪಲ್ಲ. ಈ ಕೆಂಚಿಯೊಬ್ಬಳಿಗೋಸ್ಕರ ಅಷ್ಟು ಕೆಲಸ ಹಾಳಾಗ್ಬೇಕಾ?"

ಅವಳು ನೋಟ್‌ಬುಕ್ ಮುಚ್ಚಿ ಪೊಲೀಸರಿಗೆ ಕೊಟ್ಟಳು. ಅವಳ ಹೇಳಿಕೆ ಬರೆದುಕೊಂಡ ಮಾಯಿಲಪ್ಪ ಕಾಗದ ಮುಂದಿಟ್ಟರು. ಕೋರ್ಟಿನಲ್ಲಿ ನಿಮ್ಮನ್ನೂ ಕೇಳುತ್ತಾರೆ, ಕೆಲಸವೂ ಉಳಿಯಲಿಕ್ಕಿಲ್ಲ ಎಂದು ತಗ್ಗಿದ ದನಿಯಲ್ಲಿ ಎಚ್ಚರಿಸಿದರು.

"ಒಂದು ಸಾಲು ಬಿಟ್ಟಿದ್ದೀರಿ," ಎಂದಳು ವಿಶಾಲಾಕ್ಷಮ್ಮ. "ಹನಿ ಕುಡಿಸಿದ್ದು ನಾನು ಅಂತ ಸೇರಿಸಿ."

ಅವರು ಸೇರಿಸಿದರು. ಅವಳು ಬಲಗೈಯಿಂದ ಸಹಿ ಹಾಕಿದಳು. ಹೊರಗೆ ಬಸ್ಸು ಹಾರ್ನ್ ಹೊಡೆಯಿತು; ಮಾಯಿಲಪ್ಪ ಡಾಕ್ಟರಿಗೆ ನಡೆಯಲು ಸನ್ನೆ ಮಾಡಿದರು. ಕೆಂಚಿ ಮುದ್ದಿಯನ್ನು ಸೊಂಟಕ್ಕೇರಿಸಿಕೊಂಡು, ಖಾಲಿ ಮಡಕೆಯನ್ನು ಕೇಳಿ ಪಡೆದು, ಲೈನಿನ ಕಡೆ ನಡೆದಳು.