ಗೇಣಿನಾಚೆ ಕಾಣದ ಕ್ಯಾಮೆರಾ

“ಮುಷ್ಟ್ಯಾಗ ಏನದ?” ಆಯಿ ಕೇಳಿದಳು.

“ಏನಿಲ್ಲ ಆಯಿ, ರಬ್ಬರ್!” ಜಗದೇವಿ ಮುಷ್ಟಿಯನ್ನು ಎದೆಗೆ ಒತ್ತಿಕೊಂಡಳು. ಬೆರಳ ಸಂದಿಯಿಂದ ಪುಟ್ಟ ಗಾಜಿನ ಕಣ್ಣೊಂದು ಆಯಿಯನ್ನೇ ನೋಡುತ್ತಿತ್ತು. ಟಿಕ್! ಒಂದು ಫೋಟೊ ಆಯಿತು.

ಕಮಲಾಪುರದ ಈ ಅಜ್ಜಿಮನೆಯಲ್ಲಿ ಆಯಿಯ ಫೋಟೊ ಒಂದೂ ಇರಲಿಲ್ಲ. ಶಾಲೆಗೆ ‘ನಮ್ಮ ಕುಟುಂಬ’ ಎಂಬ ಚಾರ್ಟ್ ಮಾಡಬೇಕಿತ್ತು. ಅಪ್ಪ, ಅವ್ವ, ತಮ್ಮ, ಕಾಕಾ ಎಲ್ಲರನ್ನೂ ಅಂಟಿಸಿಯಾಗಿತ್ತು. ಆಯಿಯ ಜಾಗ ಮಾತ್ರ ಖಾಲಿ. ಬೆಳಿಗ್ಗೆ ಬಸ್ಸಿಳಿದು ಬಂದವಳೇ ಜಗದೇವಿ ಫೋಟೊ ತೆಗೆಯಲೇ ಎಂದು ಕೇಳಿದ್ದಳು.

“ಫೋಟೊ ತೆಗದರ ಗ್ವಾಡಿಗಿ ಹಚ್ಚತಾರ, ಗ್ವಾಡಿಗಿ ಹಚ್ಚಿದರ ಮಾಲಿ ಹಾಕತಾರ,” ಎಂದು ಆಯಿ ನಕ್ಕಿದ್ದಳು. “ನಂಗ ಅಷ್ಟ ಅವಸರ ಇಲ್ಲ ತಗೊ!”

ಕೇಳಿದರೆ ಆಗದಿದ್ದರೆ ಕೇಳದೆ ತೆಗೆದರಾಯಿತು. ಗೂಢಚಾರರ ಕ್ಯಾಮೆರಾ ಇರುವುದು ಮತ್ತೇತಕ್ಕೆ?

ಕ್ಯಾಮೆರಾ ಚಂದ್ರಶಾ ಕಾಕಾನದು. ಕಲಬುರ್ಗಿಯ ಸೂಪರ್ ಮಾರ್ಕೆಟ್‌ನಲ್ಲಿ ಅವನ ಫೋಟೊ ಸ್ಟುಡಿಯೊ. ರಷ್ಯಾದ ಹಳೇ ಕ್ಯಾಮೆರಾ ಸಿಕ್ಕಿತೆಂದರೆ ಅವನಿಗೆ ಊಟವೂ ಬೇಡ. ಅಲ್ಮಾರಿ ತುಂಬ ಕೂಡಿಸಿದ್ದ, ಒಂದೊಂದರ ಹೆಸರೂ ಬಲ್ಲ. ಆದರೆ ರಷ್ಯಾದಲ್ಲಿ ಡಾಕ್ಟರಿಕೆ ಓದಿ ಬಂದವರೊಬ್ಬರು ಕೊಟ್ಟ, ಬೆಂಕಿಪೊಟ್ಟಣದಷ್ಟಿದ್ದ ಇದೊಂದರ ಗುರುತು ಹತ್ತಿರಲಿಲ್ಲ. ನೋಡಲು ಕಿಂಡಿ ಇಲ್ಲ, ದೂರ ಹತ್ತಿರ ಹೊಂದಿಸಲು ತಿರುಗಣೆಯೂ ಇಲ್ಲ. ‘ಗೂಢಚಾರರದೇ ಇರಬೇಕು’ ಎನ್ನುತ್ತಿದ್ದ.

ಕತ್ತಲೆ ಕೋಣೆಯಲ್ಲಿ ದೊಡ್ಡ ರೀಲನ್ನು ಅಗಲ ಕಡಿಮೆ ಮಾಡಿ ಕತ್ತರಿಸಿ, ಅದರೊಳಗೆ ತುಂಬಿ, “ಊರಾಗ ಗಿಡಾ ಮರಾ ತೆಗದು ತಾ, ಜಗ್ಗಿ. ನಡೀತದೋ ಇಲ್ಲೋ ನೋಡೂಣ,” ಎಂದು ಕೊಟ್ಟಿದ್ದ.

ಗಿಡ ಮರ ಯಾರಿಗೆ ಬೇಕು? ಆಯಿ ಕಸ ಹೊಡೆಯುವಾಗ ಟಿಕ್. ಎಮ್ಮೆಗೆ ಬೈಯುವಾಗ ಟಿಕ್.

“ಯಾಕ ನನ್ನ ಹಿಂದ ಹಿಂದ ತಿರಗಾಕತ್ತಿ? ಹೊಟ್ಟಿ ಹಸ್ತದೇನು?” ಆಯಿ ಕೆಂಪು ಬಾಳೆಹಣ್ಣೊಂದನ್ನು ಸುಲಿದು ಅವಳ ಮುಂದೆ ಚಾಚಿದಳು.

ಆಗಲೂ ಟಿಕ್!

ಮರುದಿನ ಸಂಜೆ ಸ್ಟುಡಿಯೊದಲ್ಲಿ ಕಾಕಾ ಫಿಲ್ಮ್ ತೊಳೆದು ಪ್ರಿಂಟ್ ಹಾಕಿದ.

“ಎಲ್ಲಾ ಮಂಜ ಮಂಜ! ಯಾರಿದು?”

“ಆಯಿ.”

“ನಮ್ಮವ್ವಾ? ನಂಗೇ ಇನ್ನೂ ಒಂದ್ ಫೋಟೊ ಕೊಟ್ಟಿಲ್ಲ ಆಕಿ! ಕೇಳಿ ತೆಗದಿಯೇನು?”

ಜಗದೇವಿ ಫ್ಯಾನಿನ ಕಡೆ ನೋಡಿದಳು.

ಕೊನೆಯ ಫೋಟೊ ಕೈಗೆತ್ತಿಕೊಂಡ ಕಾಕಾ ಎದ್ದೇ ನಿಂತ. ಆಯಿಯ ಮುಖ ಮೋಡದಂತಿತ್ತು. ಆದರೆ ಮುಂದೆ ಚಾಚಿದ ಕೈ! ಉಗುರು, ಬೆರಳಿನ ಬಿರುಕು, ಬಾಳೆಹಣ್ಣಿನ ನಾರು, ಎಲ್ಲ ಎಣಿಸುವಷ್ಟು ಸ್ಪಷ್ಟ.

“ಗುರುತು ಹತ್ತಿತು! ಇದು ಮಂದೀ ಫೋಟೊ ತೆಗೆಯೋದಲ್ಲ, ಜಗ್ಗಿ, ಕಾಗದದ ಫೋಟೊ ತೆಗೆಯೋದು! ಗೂಢಚಾರ ಕಾಗದ ಟೇಬಲ್ ಮ್ಯಾಲ ಹಾಸಿ, ಗೇಣೆತ್ತರದಿಂದ ಕಾಪಿ ಹೊಡಕೋತಿದ್ದ. ಅದಕ್ಕೇ ತಿರುಗಣಿ ಇಲ್ಲ. ಗೇಣಿನಾಚೆ ಇದಕ್ಕ ಕಣ್ಣೇ ಕಾಣಂಗಿಲ್ಲ. ಶಾಬಾಸ್, ಮಗಳೇ!”

ಕಾಕಾ ಪಕ್ಕದಂಗಡಿಯವರಿಗೆ ಹೇಳಲು ಓಡಿದ. ಜಗದೇವಿ ಒಬ್ಬಳೇ ಆ ಫೋಟೊ ನೋಡುತ್ತ ಕುಳಿತಳು. ಆ ಕೈ ತನಗೆ ಹಣ್ಣು ಕೊಡಲು ಬಂದಿತ್ತು. ಆಗ ತನ್ನ ಕೈ ಏನು ಮಾಡುತ್ತಿತ್ತು?

ಕಾಕಾ ಮರಳಿ ಬಂದಾಗ, “ಇನ್ನೊಂದ್ ರೀಲ್ ತುಂಬಿಕೊಡು ಕಾಕಾ,” ಎಂದಳು.

ಮುಂದಿನ ಭಾನುವಾರ ಅವಳು ಕ್ಯಾಮೆರಾ, ಫೋಟೊ ಎರಡನ್ನೂ ಆಯಿಯ ಉಡಿಯಲ್ಲಿಟ್ಟು ನಡೆದದ್ದನ್ನೆಲ್ಲ ಹೇಳಿದಳು. ಆಯಿ ಫೋಟೊದಲ್ಲಿನ ತನ್ನ ಮಸುಕು ಮುಖದ ಮೇಲೆ ಬೆರಳಾಡಿಸಿದಳು.

“ಮಾರಿ ಕಾಣಂಗಿಲ್ಲೇನು ಇದಕ್ಕ?”

“ಇಲ್ಲ ಆಯಿ. ಕೈ ಬೇಕಾದರ ಕಾಣ್ತದ. ಸಾಲಿ ಚಾರ್ಟಿನ್ಯಾಗ ನಿನ್ನ ಜಾಗಕ್ಕ ಅದನ್ನೇ ಹಚ್ಚತೀನಿ. ನೀ ಹೂಂ ಅಂದರ ಅಷ್ಟೇ.”

ಆಯಿ ಸೆರಗಿಗೆ ಕೈ ಒರೆಸಿ ಹಗ್ಗದ ಹೊರಸಿನ ಮೇಲೆ ಹಾಸಿದಳು. ಜಗದೇವಿ ಗೇಣಿನಿಂದ ಅಳತೆ ಮಾಡಿ ಕ್ಯಾಮೆರಾ ಹಿಡಿದಳು. ಅವಳ ಬೆರಳು ಗುಂಡಿಯ ಮೇಲಿತ್ತು. ಆಯಿ ಇನ್ನೂ ಬಳೆ ಸರಿಸುತ್ತಿದ್ದಳು, ಮತ್ತೆ ಕೈ ತಿರುವಿ ಉಗುರು ನೋಡಿಕೊಂಡಳು. ಜಗದೇವಿ ಒತ್ತಲಿಲ್ಲ. ತೋಳು ನೋಯುತ್ತಿದ್ದರೂ ಹಾಗೆಯೇ ನಿಂತಳು.

“ಹೂಂ,” ಎಂದಳು ಆಯಿ. “ಈಗ ತೆಗಿ.”